28 ಬೈಟ್‌ಗಳ ಅಚ್ಚುಕಟ್ಟು

ನಿಸ್ತಂತು ಸಂವೇದಕ ಜಾಲದಲ್ಲಿ ಒಂದು ಸಂದೇಶ ಎಷ್ಟು ಬೈಟ್ ಹೊರಬೇಕೆಂಬುದನ್ನು ಮೊದಲು ನಿರ್ಧರಿಸುವುದು ಬ್ಯಾಟರಿ. ರೇಡಿಯೊ ಎಚ್ಚರವಿದ್ದಷ್ಟೂ ಹೊತ್ತು ಅದು ಕರಗುತ್ತದೆ. ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದ ಮಳೆಯಾಶ್ರಿತ ಹೊಲಗಳಿಗೆಂದು ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸ್ವಿಟ್ಜರ್ಲೆಂಡಿನ ಇಪಿಎಫ್‌ಎಲ್ 2000ರ ದಶಕದಲ್ಲಿ ಹೂಡಿದ, ಮಣ್ಣಿನ ತೇವ ಅಳೆಯುವ ಜಾಲಕ್ಕೂ ಇದೇ ಲೆಕ್ಕ.

ಇಂಥ ಜಾಲಗಳಿಗಾಗಿಯೇ ಹುಟ್ಟಿದ ಟೈನಿಓಎಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ 2ನೇ ಆವೃತ್ತಿಯಲ್ಲಿ, ಬೇರೆ ಹೇಳದಿದ್ದರೆ, ಸಂದೇಶದ ಒಡಲಿಗೆ ಸಿಗುವ ಜಾಗ 28 ಬೈಟ್. ಅದರ ಜೊತೆಗೇ ಬರುವ ‘ಆಸಿಲೋಸ್ಕೋಪ್’ ಎಂಬ ಮಾದರಿ ಪ್ರೋಗ್ರಾಂ ಈ ಜಾಗವನ್ನು ಬಳಸಿಕೊಂಡ ಬಗೆ ಸೊಗಸು. ಆವೃತ್ತಿ, ಅಳತೆಯ ಅಂತರ, ನೋಡ್‌ನ ಗುರುತು, ಎಣಿಕೆ ಇವಕ್ಕೆ ತಲಾ 2 ಬೈಟ್; ಉಳಿದ 20ರಲ್ಲಿ 10 ಅಳತೆಗಳು. ಒಂದು ಬೈಟೂ ಪೋಲಿಲ್ಲ! ಒಂದೊಂದೇ ಅಳತೆ ಕಳಿಸಿದ್ದರೆ ಪ್ರತಿ ಸಲವೂ ತಲೆಬರಹದ (ಹೆಡರ್) ಸುಂಕ ತೆರಬೇಕಿತ್ತು.

ಹಾಗೆಂದು ಹಿಗ್ಗಿಸುತ್ತಲೇ ಹೋಗುವಂತಿಲ್ಲ. ಇಂಥ ಜಾಲಗಳ ರೇಡಿಯೊಗಳು ಸಾಮಾನ್ಯವಾಗಿ ಪಾಲಿಸುವ 802.15.4 ಮಾನಕದಲ್ಲಿ ತಲೆಬರಹವೂ ಸೇರಿ ಒಂದು ಸಂದೇಶದ ಮಿತಿ 127 ಬೈಟ್. ಸಂದೇಶ ಉದ್ದವಾದಷ್ಟೂ ದಾರಿಯಲ್ಲಿ ಕೆಡುವ ಸಂಭವ ಹೆಚ್ಚು. ಒಂದೇ ಬಿಟ್ ಕೆಟ್ಟರೂ ಸಾಮಾನ್ಯವಾಗಿ ಇಡೀ ಸಂದೇಶ ತಿರಸ್ಕೃತ. ಮಣ್ಣಿನ ತೇವ ನಿಧಾನವಾಗಿ ಬದಲಾಗುವಂಥದ್ದು, ಹತ್ತು ಅಳತೆ ಕೂಡಿಟ್ಟು ಕಳಿಸಲು ಅಡ್ಡಿಯಿಲ್ಲ. ಬೆಂಕಿಯ ಎಚ್ಚರಿಕೆಗೆ ಆ ಕಾಯುವಿಕೆ ಸಲ್ಲದು. ಅಲ್ಲಿ ಒಂದೇ ಅಳತೆಯ ಪುಟ್ಟ ಸಂದೇಶವೇ ಸರಿ.