ತಮಟೆಗೆ ಎಷ್ಟು ಅಂಕ?

ವಿಶ್ವವಿದ್ಯಾನಿಲಯದ ನಾಟಕ ವಿಭಾಗದಲ್ಲಿ ಪಾಠ ಹೇಳುವ ಮೇಷ್ಟರ ವಿದ್ವತ್ತನ್ನು ಯಾವುದರಿಂದ ಅಳೆಯಬೇಕು? ಬರೆದ ಲೇಖನದಿಂದಲೋ, ಕಟ್ಟಿದ ನಾಟಕದಿಂದಲೋ? ಇದು ಬಡ್ತಿಗೆ ಅರ್ಜಿ ಹಾಕಿದ ನಾಲ್ಕು ಜನರ ಸಂಬಳದ ತಕರಾರು, ನಮಗ್ಯಾಕೆ ಅಂತ ಕೆಲವು ಗೆಳೆಯರಿಗೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಯಾವುದು ಜ್ಞಾನ, ಯಾವುದು ಬರೀ ಕಸುಬು ಎಂದು ಗೆರೆ ಎಳೆಯುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದೇ ಇದರೊಳಗಿನ ಪ್ರಶ್ನೆ. ಆ ಗೆರೆಯ ಆಚೆಗೆ ತಲೆಮಾರುಗಳಿಂದ ನಿಂತವರಿಗೆ ಅದರ ಗುರುತು ಬೇಗ ಹತ್ತುತ್ತದೆ.

ಲೆಕ್ಕದಿಂದಲೇ ಶುರು ಮಾಡೋಣ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ 2010ರಲ್ಲಿ ಅಧ್ಯಾಪಕರ ಸಾಧನೆಗೆ ಅಂಕ ಹಾಕುವ ಪದ್ಧತಿ ತಂದಿತು. 2018ರ ನಿಯಮಾವಳಿ ಅದನ್ನು ತಿದ್ದಿ ಸಂಶೋಧನೆಗೆ ಹೊಸ ಕೋಷ್ಟಕ ಕೊಟ್ಟಿತು. ಮಾನವಿಕ ವಿಷಯದ ಸಂಶೋಧನ ಲೇಖನಕ್ಕೆ 10 ಅಂಕ. ರಾಷ್ಟ್ರೀಯ ಪ್ರಕಾಶಕರು ತಂದ ಪುಸ್ತಕಕ್ಕೆ 10, ಅಂತರರಾಷ್ಟ್ರೀಯ ಪ್ರಕಾಶಕರಾದರೆ 12. ಅನುವಾದಿಸಿದ ಪುಸ್ತಕಕ್ಕೆ 8. ಪಿಎಚ್.ಡಿ. ಮಾಡಿಸಿದರೆ, ಪ್ರಾಜೆಕ್ಟು ತಂದರೆ, ಪೇಟೆಂಟು ಪಡೆದರೆ ಬೇರೆ ಬೇರೆ ಅಂಕ. ನಾಟಕ ನಿರ್ದೇಶಿಸಿದ್ದಕ್ಕೆ ಆ ಕೋಷ್ಟಕದಲ್ಲಿ ಒಂದು ಸಾಲೂ ಇಲ್ಲ. ಬೆಳಕಿಗೆ, ರಂಗಸಜ್ಜಿಕೆಗೆ, ರಂಗಸಂಗೀತಕ್ಕೂ ಇಲ್ಲ. ವಿಪರ್ಯಾಸವೆಂದರೆ ಇದೇ ನಿಯಮಾವಳಿ ನಾಟಕ ವಿಭಾಗಕ್ಕೆ ಮೇಷ್ಟರನ್ನು ನೇಮಿಸುವಾಗ ರಂಗದ ಮೇಲಿನ ಸಾಧನೆಯನ್ನು ಅರ್ಹತೆಯೆಂದು ಒಪ್ಪುತ್ತದೆ. ಬಾಗಿಲಲ್ಲಿ ‘ಕಲಾವಿದರು, ಬನ್ನಿ’ ಅನ್ನುತ್ತದೆ; ಒಳಗೆ ಬಂದ ಮೇಲೆ ‘ಕಾಗದ ಎಲ್ಲಿ?’ ಅನ್ನುತ್ತದೆ. 2025ರಲ್ಲಿ ಆಯೋಗ ಪತ್ರಿಕೆಗಳ ‘ಕೇರ್’ ಪಟ್ಟಿಯನ್ನು ಕೈಬಿಟ್ಟಿತು, ಅಂಕದ ಲೆಕ್ಕವನ್ನೇ ಬಿಡುವ ಕರಡನ್ನೂ ಹೊರಡಿಸಿತು. ಕೋಷ್ಟಕಗಳು ಬರುತ್ತವೆ, ಹೋಗುತ್ತವೆ. ಬರಹವೇ ಪ್ರಮಾಣ ಎನ್ನುವ ಮನೋಧರ್ಮ ಅಷ್ಟು ಸುಲಭಕ್ಕೆ ಹೋಗುವುದಲ್ಲ.

ಈ ಮನೋಧರ್ಮ ಹೇಗೆ ಕೆಲಸ ಮಾಡುತ್ತದೆ ನೋಡಿ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿ 2023ರಲ್ಲಿ ಪದ್ಮಶ್ರೀ ಬಂತು. ಅಂಥ ಹಿರಿಯರನ್ನು ನಮ್ಮ ವಿಭಾಗಗಳು ಕರೆಯುವುದು ಎರಡು ದಿನದ ಶಿಬಿರಕ್ಕೆ, ಸಂಪನ್ಮೂಲ ವ್ಯಕ್ತಿಯಾಗಿ. ಗೌರವಧನ, ಶಾಲು, ಹಣ್ಣಿನ ಬುಟ್ಟಿ. ಅವರ ಗತ್ತುಗಳ ಮೇಲೆ ಲೇಖನ ಬರೆದ ಮೇಷ್ಟರಿಗೆ 10 ಅಂಕ. ಅವರ ಮುಂದೆ ಆರು ತಿಂಗಳು ಕೂತು ಗತ್ತು ಕಲಿತು, ಅದರಿಂದ ನಾಟಕ ಕಟ್ಟಿದ ಮೇಷ್ಟರಿಗೆ ಸೊನ್ನೆ. ಬಾರಿಸಿದವರಿಗೆ ಶಾಲು, ಬರೆದವರಿಗೆ ಬಡ್ತಿ. ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರ ಕಥೆಯೂ ಇದೇ. ಮೈಯಿಂದ ದುಡಿಯುವವನು ಒಬ್ಬ, ಆ ದುಡಿಮೆಯ ಅರ್ಥ ಹೇಳುವವನು ಇನ್ನೊಬ್ಬ: ಇದು ನಮಗೆ ಹೊಸ ವ್ಯವಸ್ಥೆಯೇನಲ್ಲ. 2022ರಲ್ಲಿ ಆಯೋಗ ಪದವಿಯ ಹಂಗಿಲ್ಲದೆ ಅನುಭವಿಗಳನ್ನು ಪ್ರಾಧ್ಯಾಪಕರಾಗಿ ಕರೆಯಬಹುದು ಎಂದಿತು. ಒಳ್ಳೆಯದೇ. ಆದರೆ ಅದು ಮಂಜೂರಾದ ಹುದ್ದೆಗಳ ಹೊರಗೆ, ಗೊತ್ತಾದ ಅವಧಿಗೆ ಮಾತ್ರ. ಅಂದರೆ ಜಗುಲಿಯವರೆಗೆ ಪ್ರವೇಶ, ನಡುಮನೆಗಿಲ್ಲ.

ಒಂದು ವಿಶ್ವವಿದ್ಯಾನಿಲಯದಲ್ಲಿ ನಡೆದದ್ದು, ಹೆಸರು ಬೇಡ. ನನ್ನ ದಲಿತ ಗೆಳೆಯನೊಬ್ಬ ತನ್ನೂರಿನ ಕೆರೆ ನೀರಿನ ಜಗಳವನ್ನೇ ವಸ್ತುವಾಗಿಟ್ಟುಕೊಂಡು, ಕೇರಿಯ ಹೆಂಗಸರ ಮಾತು ಕೂಡಿಸಿ, ವಿದ್ಯಾರ್ಥಿಗಳಿಂದ ನಾಟಕ ಆಡಿಸಿದ್ದ. ಆ ಕಡತ ನೋಡಿದ ಹಿರಿಯರು ಹೇಳಿದ್ದು ಇಷ್ಟು: ‘ಇದೆಲ್ಲ ಕಲ್ಚರಲ್ ಆಕ್ಟಿವಿಟಿ ಕಣಯ್ಯ, ಎನ್ನೆಸ್ಸೆಸ್ ಕಾಲಮ್ಮಿಗೆ ಹಾಕ್ಕೋ. ಪೇಪರ್ ಏನಾದ್ರೂ ಇದ್ರೆ ಕೊಡು.’ ಆ ನಾಟಕ ಒಳ್ಳೆಯದೋ ಕೆಟ್ಟದೋ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಅವಮಾನ ಇರುವುದು ಅಲ್ಲಿ. ಕಟುವಾಗಿ ವಿಮರ್ಶಿಸಿದ್ದರೂ ಅವನು ಬೇಸರ ಪಡುತ್ತಿರಲಿಲ್ಲ.

ಈ ಸಂದರ್ಭದಲ್ಲಿ ನಾನು ತಮಿಳಿನ ಕೆ.ಎ. ಗುಣಶೇಖರನ್ ಅವರನ್ನು ನೆನೆಯುತ್ತೇನೆ. ಪುದುಚೇರಿ ವಿಶ್ವವಿದ್ಯಾನಿಲಯದ ಶಂಕರದಾಸ್ ಸ್ವಾಮಿಗಳ್ ಪ್ರದರ್ಶನ ಕಲೆಗಳ ವಿಭಾಗದಲ್ಲಿ ಪ್ರಾಧ್ಯಾಪಕರಾಗಿದ್ದವರು, 2016ರಲ್ಲಿ ತೀರಿಕೊಂಡರು. ಜನಪದ ಕಲೆಗಳ ಮೇಲೆ ಸಂಶೋಧನೆ ಮಾಡಿದರು. ‘ತನ್ನಾನೆ’ ತಂಡ ಕಟ್ಟಿಕೊಂಡು ಊರೂರಿನ ಸಭೆಗಳಲ್ಲಿ ಹಾಡಿದರು. ‘ಬಲಿ ಆಡುಗಳ್’ ನಾಟಕ ಬರೆದರು. 2005ರಲ್ಲಿ ‘ವಡು’ ಎಂಬ ಆತ್ಮಕಥೆ ಕೊಟ್ಟರು. ಬಲಿ ಕೊಡುವ ಮಾತು ಮೇಲಿನಿಂದ ಜಾತಿಯ ಏಣಿ ಇಳಿಯುತ್ತ ಕೊನೆಗೆ ದಲಿತ ಹೆಣ್ಣಿನ ಕೊರಳಿಗೆ ಬರುವುದನ್ನು ಆ ನಾಟಕ ತೋರಿಸುತ್ತದೆ. ದಲಿತ ಗಂಡಸಿನ ಪಾಲನ್ನೂ ಅದು ಮುಚ್ಚಿಡುವುದಿಲ್ಲ. ಇವುಗಳಲ್ಲಿ ವಿದ್ವತ್ತು ಯಾವುದು, ಸೃಜನಶೀಲತೆ ಯಾವುದು ಎಂದು ಬೇರೆ ಮಾಡಲು ಹೊರಟರೆ ನಮಗೆ ಸಿಗುವುದು ಅರ್ಧ ಮನುಷ್ಯ. ಹಾಡು ಗೊತ್ತಿದ್ದರಿಂದ ಸಂಶೋಧನೆಗೆ ಕಸುವು ಬಂತು. ಸಂಶೋಧನೆ ಗೊತ್ತಿದ್ದರಿಂದ ಹಾಡು ಅಲಂಕಾರವಾಗಲಿಲ್ಲ.

ಹಾಗಂತ ನಾಟಕ ಆಡಿಸಿದವರಿಗೆಲ್ಲ ಅಂಕ ಹಂಚಿ ಎಂದು ನಾನು ಹೇಳುತ್ತಿಲ್ಲ. ನಮ್ಮ ವಿಭಾಗಗಳಲ್ಲಿ ವರ್ಷಕ್ಕೊಂದು ನಾಟಕ ಎಂಬುದು ವಾರ್ಷಿಕೋತ್ಸವದ ಶಾಸ್ತ್ರವಾಗಿದೆ. ಮೊದಲ ದೃಶ್ಯದಲ್ಲಿ ತಮಟೆ, ಕೊನೆಯ ದೃಶ್ಯದಲ್ಲಿ ಪಂಜು, ನಡುವೆ ಅದೇ ಹಳೇ ಧಣಿಯ ಅಂತಃಕರಣ! ತಮಟೆ ಬಂದ ಮಾತ್ರಕ್ಕೆ ನಾಟಕ ದಲಿತವಾಗುವುದಿಲ್ಲ. ಬಿಹಾರದಲ್ಲಿ 1977ರಲ್ಲಿ ನಡೆದ ಹತ್ಯಾಕಾಂಡವನ್ನು ಕುರಿತು ಸಮುದಾಯದವರು ‘ಬೆಲ್ಚಿ’ ಬೀದಿನಾಟಕವನ್ನು ಊರೂರಿಗೆ ಒಯ್ದಾಗ ಯಾವ ಕಾಲಮ್ಮೂ ಅವರ ಮುಂದಿರಲಿಲ್ಲ, ಒಂದು ಪ್ರಶ್ನೆ ಇತ್ತು. ವಿಭಾಗದ ನಾಟಕಗಳಲ್ಲಿ ಎಷ್ಟೋ ಸಲ ಆ ಪ್ರಶ್ನೆಯೇ ಇರುವುದಿಲ್ಲ.

ಆದ್ದರಿಂದ ಅಳತೆ ಬೇಕು, ಆದರೆ ಬೇರೆ ಅಳತೆ. ಈ ನಾಟಕ ಕಟ್ಟುತ್ತಾ ಮೊದಲು ಗೊತ್ತಿರದ ಏನನ್ನು ಕಂಡುಕೊಂಡಿರಿ? ಯಾರ ಹಾಡು, ಯಾರ ಗತ್ತು, ಯಾರ ನೋವು ತಂದಿರಿ, ಅವರ ಹೆಸರು ಕರಪತ್ರದಲ್ಲಿ ಎಲ್ಲಿದೆ? ಕೇರಿಯಿಂದ ತಂದದ್ದನ್ನು ಮತ್ತೆ ಕೇರಿಯಲ್ಲಿ ಆಡಿದಿರಾ, ಅಲ್ಲಿಯವರು ಏನಂದರು? ತೀರ್ಪು ಕೊಡುವವರು ಪ್ರದರ್ಶನ ನೋಡಿದ್ದಾರಾ, ಬರೀ ಕಡತ ನೋಡಿದ್ದಾರಾ? ಇದು ಆಗದ ಮಾತಲ್ಲ. ಬ್ರಿಟನ್ನಿನಲ್ಲಿ 2021ರ ಸಂಶೋಧನಾ ಮೌಲ್ಯಮಾಪನ ರಂಗಪ್ರದರ್ಶನವನ್ನೂ ಸಂಶೋಧನೆಯೆಂದು ಸ್ವೀಕರಿಸಿತು. ಅದರೊಳಗಿನ ಶೋಧವನ್ನು 300 ಪದಗಳಲ್ಲಿ ವಿವರಿಸಲು ಅವಕಾಶ ಕೊಟ್ಟಿತು. ಅವರಲ್ಲಿರುವ ವ್ಯವಸ್ಥೆಯನ್ನು ಹಾಗೇ ತರಬೇಕಿಲ್ಲ. ಆಡಿ ತೋರಿಸಿದ್ದೂ ಜ್ಞಾನ ಎಂದು ಒಪ್ಪುವುದು ಸಾಧ್ಯ ಎಂಬುದಷ್ಟೇ ನನ್ನ ಮಾತು.

ಕೊನೆಯದಾಗಿ, ನಮ್ಮವರಿಗೇ ಹೇಳಬೇಕಾದ ಮಾತೊಂದಿದೆ. ‘ನಿಮ್ಮದು ದೇಹದ ಜ್ಞಾನ, ನೆಲದ ಜ್ಞಾನ, ನಿಮಗೆ ಬರಹ ಯಾಕೆ?’ ಎಂದು ಹೊಗಳುವವರ ಬಗ್ಗೆ ಎಚ್ಚರ ಇರಲಿ. ಆ ಹೊಗಳಿಕೆಯಲ್ಲಿ ನಮ್ಮನ್ನು ಮತ್ತೆ ಬರೀ ಮೈಯಾಗಿ ಕೂರಿಸುವ ಹುನ್ನಾರವಿದೆ. ಅಕ್ಷರಕ್ಕಾಗಿ ನಮ್ಮವರು ಪಟ್ಟ ಪಾಡು ಸಣ್ಣದಲ್ಲ, ಅದನ್ನು ಬಿಟ್ಟುಕೊಡುವಂತಿಲ್ಲ. ದಲಿತ ರಂಗಮೇಷ್ಟರು ಬರೆಯಬೇಕು, ಚೆನ್ನಾಗಿ ಬರೆಯಬೇಕು, ತಮ್ಮ ನಾಟಕದ ಬಗ್ಗೆಯೂ ಬರೆಯಬೇಕು. ಜೊತೆಗೆ ನಾಟಕವನ್ನು ನಾಟಕವಾಗಿಯೇ ಓದುವ ವಿಮರ್ಶೆಯನ್ನೂ ನಾವು ಕಟ್ಟಬೇಕು. ಈ ಸಂಚಿಕೆ ಓದುವ ವಿದ್ಯಾರ್ಥಿಗಳು ತಮ್ಮ ಊರ ಹತ್ತಿರದ ವಿಭಾಗದ ಮುಂದಿನ ನಾಟಕಕ್ಕೆ ಹೋಗಲಿ, ನೋಡಲಿ, ಜಗಳ ಆಡಲಿ, ಎರಡು ಪುಟ ಬರೆಯಲಿ. ಆಯೋಗ ಸಾಲು ಸೇರಿಸುವವರೆಗೆ ಕಾಯಬೇಕಾಗಿಲ್ಲ. ನಮ್ಮ ಪತ್ರಿಕೆಗಳಲ್ಲಿ ಜಾಗ ಇದೆ.