ಪ್ರೌಢಶಾಲೆಯ ರಸಾಯನ ಪಾಠಗಳ ಭಾಷೆ: ಒಂದು ವಿಮರ್ಶೆ

ಕಾವ್ಯ ಕಾದಂಬರಿಗಳನ್ನು ವಿಮರ್ಶೆಯ ಒರೆಗಲ್ಲಿಗೆ ಹಚ್ಚುವ ನಾವು, ಮಕ್ಕಳ ಕೈಯಲ್ಲಿ ದಿನವೂ ಇರುವ ವಿಜ್ಞಾನದ ಪಠ್ಯವನ್ನು ಭಾಷೆಯ ದೃಷ್ಟಿಯಿಂದ ಪರೀಕ್ಷಿಸುವುದು ಅಪೂರ್ವ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿಯ ಕನ್ನಡ ಮಾಧ್ಯಮದ ಮಕ್ಕಳ ಕೈಗೆ ಬರುವ ವಿಜ್ಞಾನ ಪುಸ್ತಕ ಬಹುಮಟ್ಟಿಗೆ ಅನುವಾದದ ಪುಸ್ತಕ. ಪಾಠ ತಿಳಿಯದಾಗ ‘ಕನ್ನಡದಲ್ಲಿ ವಿಜ್ಞಾನ ಕಷ್ಟ’ ಎಂಬ ಮಾತು ಹುಟ್ಟುತ್ತದೆ. ಮರುವರ್ಷ ಮಗು ಬೇರೆ ಮಾಧ್ಯಮದ ತರಗತಿಯಲ್ಲಿರುತ್ತದೆ. ದೋಷ ಭಾಷೆಯದೋ ಬರವಣಿಗೆಯದೋ ಎಂಬುದನ್ನು ಕ್ರಿಯೆಯ ವೇಗ, ಪರಮಾಣು ಬಂಧ, ಆಮ್ಲ ಎಂಬ ಮೂರು ಪಾಠಗಳ ಮೂಲಕ ವಿವೇಚಿಸುವುದು ಈ ಲೇಖನದ ಉದ್ದೇಶ.

ಮೊದಲನೆಯದು ವಾಕ್ಯದ ದೋಷ. ‘ಪ್ರತಿವರ್ತಕಗಳ ಪೃಷ್ಠವಿಸ್ತೀರ್ಣದ ವೃದ್ಧಿಯು ಕ್ರಿಯಾದರದ ವೃದ್ಧಿಗೆ ಹೇತುವಾಗುತ್ತದೆ’ ಎಂಬ ಬಗೆಯ ವಾಕ್ಯವನ್ನು ಮಗು ಬಾಯಿಪಾಠ ಮಾಡೀತು, ತಿಳಿಯಲಾರದು. ‘ದರ’ವೆಂದರೆ ಅದಕ್ಕೆ ಅಂಗಡಿಯ ಬೆಲೆ, ‘ಪೃಷ್ಠ’ವೆಂದರೆ ಹಿಂದಿನ ಬೆಂಚಿಗೆ ನಗೆ. ‘ವೇಗ’, ‘ಮೇಲ್ಮೈ’ ಎಂಬ ಮಾತುಗಳು ನಮ್ಮಲ್ಲಿಲ್ಲವೇ? ಇಡೀ ಕೊರಡಿಗಿಂತ ಸೀಳಿದ ಚಕ್ಕೆ ಬೇಗ ಉರಿಯುತ್ತದೆ. ಇಡೀ ಚಿಪ್ಪಿಗಿಂತ ಚಿಪ್ಪಿನ ಪುಡಿ ಆಮ್ಲದಲ್ಲಿ ಬೇಗ ನೊರೆಯೇಳುತ್ತದೆ. ಇದನ್ನು ಕಂಡ ಬಳಿಕ ನಿಯಮ ಹೇಳಿದರೆ ಅದು ನಿಲ್ಲುತ್ತದೆ. ಶಾಸ್ತ್ರ ಬೆಳೆದದ್ದೂ ಹೀಗೆಯೇ. 1850ರಲ್ಲಿ ಜರ್ಮನಿಯ ವಿಲ್ಹೆಲ್ಮಿ ಎಂಬವನು ಆಮ್ಲ ಬೆರೆಸಿದ ಸಕ್ಕರೆಯ ದ್ರಾವಣ ಎಷ್ಟು ಬೇಗ ಮಾರ್ಪಡುತ್ತದೆಂದು ಮೊದಲು ಅಳೆದನು. ಆ ಅಳತೆಯಿಂದ ಸೂತ್ರ ಹೊರಟಿತು.

ಎರಡನೆಯದು ಉಪಮೆಯ ದೋಷ. ಪರಮಾಣುಗಳು ಕೈಕೈ ಹಿಡಿದಿವೆ ಎಂಬ ಚಿತ್ರ ವೇಲೆನ್ಸಿಯನ್ನು ಎಣಿಸಲು ಒಳ್ಳೆಯದು: ಜಲಜನಕಕ್ಕೆ ಒಂದು ಕೈ, ಆಮ್ಲಜನಕಕ್ಕೆ ಎರಡು, ಇಂಗಾಲಕ್ಕೆ ನಾಲ್ಕು. ಆದರೆ ಅಡಿಗೆಯ ಉಪ್ಪಿನ ಹರಳಿನಲ್ಲಿ ಪ್ರತಿಯೊಂದು ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್ ಅಯಾನುಗಳಿವೆ. ಅಲ್ಲಿ ಕೈಯ ಲೆಕ್ಕ ನಡೆಯದು. ‘ಬಂಧ’ವೆಂಬುದನ್ನು ಬಿಗಿದ ಹಗ್ಗವೆಂದು ಬಗೆದ ಮಗು, ಅದು ಹರಿದಾಗ ಶಕ್ತಿ ಹೊರಬರುತ್ತದೆಂದೂ ಊಹಿಸುತ್ತದೆ. ಸತ್ಯ ಇದಕ್ಕೆ ವಿರುದ್ಧ. ಒಂದು ಮೋಲ್ ಜಲಜನಕದ ಬಂಧಗಳನ್ನು ಮುರಿಯಲು ಸುಮಾರು 436 ಕಿಲೋಜೂಲ್ ಶಕ್ತಿಯನ್ನು ನಾವೇ ಕೊಡಬೇಕು; ಹೊಸ ಬಂಧಗಳು ಕೂಡುವಾಗ ಮಾತ್ರ ಶಕ್ತಿ ಹೊರಬರುತ್ತದೆ. ಇಲೆಕ್ಟ್ರಾನ್ ಜೋಡಿಯನ್ನು ಎರಡು ಪರಮಾಣುಗಳು ಹಂಚಿಕೊಳ್ಳುತ್ತವೆಂದು 1916ರಲ್ಲಿ ಲೂಯಿಸ್ ಹೇಳಿದ ಮಾತನ್ನು, ಆ ಜೋಡಿಯನ್ನು ಎರಡು ಬೀಜಗಳೂ ಸೆಳೆಯುತ್ತವೆ ಎಂದು ವಿವರಿಸಿದರೆ ಹಗ್ಗದ ಭ್ರಾಂತಿ ಕಳೆಯುತ್ತದೆ. ಉಪಮೆ ಎಲ್ಲಿಯವರೆಗೆ ಸಲ್ಲುತ್ತದೆಂದು ಹೇಳದ ಪಾಠ ಅಪೂರ್ಣ.

ಮೂರನೆಯದು ಪದದ ಪ್ರಶ್ನೆ, ಇದೇ ಮುಖ್ಯ. ‘ಆಕ್ಸಿಜನ್’ ಎಂದಾಗ ಅದರೊಳಗಿನ ಗ್ರೀಕ್ ಅರ್ಥ ಓದುವವನ ಕಿವಿಗೆ ಬೀಳದು. ‘ಆಮ್ಲಜನಕ’ವಾದರೋ ಬಾಯಿ ತೆರೆದು ಮಾತಾಡುತ್ತದೆ: ನಾನು ಹುಳಿಯನ್ನು ಹುಟ್ಟಿಸುವವನು ಎನ್ನುತ್ತದೆ. ಚುರುಕು ಹುಡುಗಿ ಕೇಳುತ್ತಾಳೆ: “ಸುಟ್ಟ ಸುಣ್ಣದಲ್ಲಿ ಆಮ್ಲಜನಕವಿದೆ, ಅದೇಕೆ ಆಮ್ಲವಲ್ಲ? ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವೇ ಇಲ್ಲವಲ್ಲ, ಸಾರ್?” ಈ ಪ್ರಶ್ನೆಗೆ ಅನುವಾದದಲ್ಲಿ ಉತ್ತರವಿಲ್ಲ, ಚರಿತ್ರೆಯಲ್ಲಿದೆ. ಆಮ್ಲಗಳಿಗೆಲ್ಲ ಈ ಅನಿಲವೇ ಮೂಲವೆಂದು ನಂಬಿ ಲವಾಸಿಯೇ 1777ರಲ್ಲಿ ಹೆಸರಿಟ್ಟನು. 1810ರಲ್ಲಿ ಡೇವಿ ಕ್ಲೋರಿನ್ ಮೂಲವಸ್ತುವೆಂದು ಸಾರಿದಾಗ ಆ ನಂಬಿಕೆ ಕುಸಿಯಿತು. ಆಮ್ಲತ್ವಕ್ಕೆ ನೀರಿನಲ್ಲಿ ಬಿಡುಗಡೆಯಾಗುವ ಜಲಜನಕದ ಅಯಾನೇ ಕಾರಣವೆಂದು ಮುಂದೆ ಅರ್ಹೀನಿಯಸ್ ವಿವರಿಸಿದನು. ನಂಬಿಕೆ ಹೋಯಿತು, ಹೆಸರು ಉಳಿಯಿತು. ಪದವನ್ನು ಬದಲಿಸಬೇಕಾಗಿಲ್ಲ; ಈ ಕಥೆಯನ್ನು ಹತ್ತು ಸಾಲುಗಳಲ್ಲಿ ಸೇರಿಸಿದರೆ ಸಾಕು. ಶಾಸ್ತ್ರ ತನ್ನನ್ನು ತಿದ್ದಿಕೊಳ್ಳುತ್ತದೆಂಬ ದೊಡ್ಡ ಪಾಠ ಕನ್ನಡದ ಮಗುವಿಗೆ ಪದದೊಳಗಿಂದಲೇ ದೊರೆಯುತ್ತದೆ.

ಒಳ್ಳೆಯ ಪದಗಳೂ ನಮ್ಮಲ್ಲಿವೆ ಎಂಬುದನ್ನು ಮರೆಯಲಾಗದು. ‘ಪ್ರತ್ಯಾಮ್ಲ’ವು ಆಮ್ಲಕ್ಕೆ ಎದುರು ನಿಲ್ಲುವ ಗುಣವನ್ನು ಹೆಸರಿನಲ್ಲೇ ತಿಳಿಸುತ್ತದೆ. ಅದರಲ್ಲಿ ನೀರಿನಲ್ಲಿ ಕರಗುವಂಥದು ‘ಕ್ಷಾರ’. ಅರಸಿನಕ್ಕೆ ಸುಣ್ಣ ಕೂಡಿದಾಗ ಓಕುಳಿಯ ಕೆಂಪು, ಲಿಂಬೆರಸ ಬಿದ್ದಾಗ ಮರಳಿ ಹಳದಿ: ಮನೆಯಂಗಳದ ಈ ಪರೀಕ್ಷೆಗೆ ಪುಸ್ತಕದಲ್ಲಿ ಲಿಟ್ಮಸ್ಸಿನ ಪಕ್ಕದಲ್ಲಿಯೇ ಸ್ಥಳ ಸಲ್ಲಬೇಕು.

ಆದುದರಿಂದ ಕನ್ನಡ ಅಸಮರ್ಥವೆಂಬ ಮಾತನ್ನು ನಾವು ಒಪ್ಪಲಾರೆವು. ಸಮರ್ಥವಾದ ಭಾಷೆಯನ್ನು ಪಾಠ ಬರೆಯುವವರು ದುಡಿಸಿಕೊಂಡಿಲ್ಲ. ಉಪಾಧ್ಯಾಯ ಬಂಧುಗಳು ತಮ್ಮ ತರಗತಿಯ ಮಕ್ಕಳು ಎಡವಿದ ಪದ, ವಾಕ್ಯ, ಉಪಮೆಗಳನ್ನು ವರ್ಷವಿಡೀ ಗುರುತಿಟ್ಟುಕೊಂಡು ಸಂಘಕ್ಕೆ ಒಪ್ಪಿಸಲಿ. ಮುಂದಿನ ಪರಿಷ್ಕರಣದ ವೇಳೆಗೆ ನಮ್ಮ ಕೈಯಲ್ಲಿ ದೂರಿನ ಬದಲು ತಿದ್ದುಪಡಿಯ ಪಟ್ಟಿ ಇರಬೇಕೆಂಬುದು ನಮ್ಮ ಸವಿನಯ ಸೂಚನೆ.