ಎರಡು ಬೈಟ್ ಉಳಿತಾಯದ ಲೆಕ್ಕ

ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಆದೇಶಗಳಾಗಿ ಬದಲಿಸುವುದು ಕಂಪೈಲರ್. ಉದ್ದದ ಆದೇಶ ಕಂಡಲ್ಲಿ ಅದೇ ಕೆಲಸದ ಚಿಕ್ಕ ಆದೇಶ ಹಾಕುವುದು ಅದರ ಹಳೆಯ ಜಾಣತನ. ಆದರೆ 'ಅದೇ ಕೆಲಸ' ಎನ್ನುವ ಮಾತನ್ನು ನಮ್ಮ ಕಸುಬಿನವರು ಹಗುರವಾಗಿ ಬಳಸುತ್ತಾರೆಂಬುದು ನನ್ನ ತಕರಾರು.

ಎಎಂಡಿ ರೂಪಿಸಿದ, ಇಂಟೆಲ್ ಕೂಡ ಅನುಸರಿಸಿದ 64 ಬಿಟ್ ಪ್ರೊಸೆಸರುಗಳನ್ನೇ ನೋಡಿ. ರಿಜಿಸ್ಟರಿಗೆ 1 ತುಂಬುವ 'ಮೂವ್' ಆದೇಶ 64 ಬಿಟ್ ರೂಪದಲ್ಲಿ 7 ಬೈಟ್, 32 ಬಿಟ್ ರೂಪದಲ್ಲಿ 5 ಬೈಟ್. ಫಲ ಒಂದೇ, ಏಕೆಂದರೆ 32 ಬಿಟ್ ಬರೆದ ಕೂಡಲೇ ಮೇಲಿನ 32 ಬಿಟ್ ತಾನಾಗಿ ಸೊನ್ನೆಯಾಗುತ್ತದೆ. ಒಳ್ಳೆಯ ನಿಯಮ. ಆದರೆ 8 ಮತ್ತು 16 ಬಿಟ್ ಬರಹಕ್ಕೆ ಹಳೆಯ ಪದ್ಧತಿಯೇ ಉಳಿಯಿತು: ಮಿಕ್ಕ ಭಾಗ ಇದ್ದಂತೆಯೇ ಇರುತ್ತದೆ. ಸ್ಲೇಟಿನ ಒಂದು ಮೂಲೆ ಒರೆಸಿ ಹೊಸ ಲೆಕ್ಕ ಬರೆದ ಹಾಗೆ. ಪಕ್ಕದ ಹಳೆಯ ಅಂಕಿ ಸೇರಿಸಿ ಓದಿದರೆ ಉತ್ತರ ಕೆಟ್ಟಿತು.

ಇಎಎಕ್ಸ್ ಅನ್ನು ಇಎಎಕ್ಸ್‌ಗೇ ನಕಲು ಮಾಡುವ ಆದೇಶ ಹೊಸಬರಿಗೆ ದಂಡ ಎನಿಸುತ್ತದೆ. (ನನಗೂ ಒಂದು ಕಾಲಕ್ಕೆ ಹಾಗೇ ಅನಿಸಿತ್ತು.) ಅದು ಮೇಲರ್ಧವನ್ನು ಸೊನ್ನೆ ಮಾಡುತ್ತಿರುತ್ತದೆ. ಕಿತ್ತು ಹಾಕಿದರೆ, ಅಲ್ಲಿ ಉಳಿದ ಕಸ ಅರೇಯ ಸೂಚ್ಯಂಕಕ್ಕೆ ಸೇರಿ, ಪ್ರೋಗ್ರಾಂ ಮೆಮೊರಿಯಲ್ಲಿ ಎಲ್ಲೆಲ್ಲೋ ಕೈ ಹಾಕಬಹುದು.

ಇನ್ನು ಫ್ಲ್ಯಾಗ್‌ಗಳು. ಕೆಳಗಿನ 31 ಬಿಟ್ ಮಾತ್ರ ಉಳಿಸುವ 'ಆಂಡ್' ಆದೇಶವನ್ನು 32 ಬಿಟ್‌ಗೆ ಇಳಿಸಿದರೆ ಉತ್ತರವೂ ಫ್ಲ್ಯಾಗ್‌ಗಳೂ ಹೊಂದುತ್ತವೆ. 'ಆಡ್' ಹಾಗಲ್ಲ. ಮುಂದೆ ಕೆಳಗಿನ 32 ಬಿಟ್ ಮಾತ್ರ ಬೇಕಿದ್ದರೂ, ದಶಕ ಉಕ್ಕುವ ಜಾಗ ಬದಲಾಗುವುದರಿಂದ ಕ್ಯಾರಿ ಫ್ಲ್ಯಾಗ್ ಬೇರೆ ಬರಬಹುದು. ಅದನ್ನು ನೋಡಿ ಜಿಗಿಯುವ ಆದೇಶ ತಪ್ಪು ದಾರಿ ಹಿಡಿಯುತ್ತದೆ. ರಿಸ್ಕ್-ಫೈವ್ ಯಂತ್ರದಲ್ಲಂತೂ 32 ಬಿಟ್ ಕೂಡಿಕೆಯ ಚಿಹ್ನೆಯ ಬಿಟ್ಟೇ ಮೇಲಕ್ಕೆಲ್ಲ ಹರಡುತ್ತದೆ, ಸೊನ್ನೆಯಲ್ಲ. ಒಂದು ಯಂತ್ರದ ನಿಯಮ ಇನ್ನೊಂದಕ್ಕೆ ನಡೆಯದು.

ಇಂಥ ನಿಯಮಗಳನ್ನು ಕಣ್ಣಂದಾಜಿನಲ್ಲಿ ಒಪ್ಪಬಾರದೆಂದು 2015ರಲ್ಲೇ ತಿಳಿಯಿತು. 'ಅಲೈವ್' ಎಂಬ ಸಾಧನದ ಸಂಶೋಧಕರು ಎಲ್‌ಎಲ್‌ವಿಎಂ ಕಂಪೈಲರಿನ 300ಕ್ಕೂ ಹೆಚ್ಚು ರೂಪಾಂತರಗಳನ್ನು ಗಣಿತದ ಮೂಲಕ ಪರೀಕ್ಷೆಗೆ ಒಡ್ಡಿದಾಗ 8 ತಪ್ಪೆಂದು ಹೊರಬಿತ್ತು. ಅನುಭವಿಗಳು ಬರೆದವು ಅವು! ಆ ಕೆಲಸವನ್ನು ಮೆಚ್ಚುತ್ತಲೇ ಒಂದು ಕೊರತೆ ಹೇಳಬೇಕು: ಅದು ನೋಡಿದ್ದು ಕಂಪೈಲರಿನ ಮಧ್ಯದ ಭಾಷೆಯನ್ನು. ಅಲ್ಲಿ ಯಂತ್ರದ ಫ್ಲ್ಯಾಗೂ ಇಲ್ಲ, ರಿಜಿಸ್ಟರಿನ ಮೇಲರ್ಧವೂ ಇಲ್ಲ. ಅವು ಕಾಣಿಸಿಕೊಳ್ಳುವುದು ಕೊನೆಯ ಹಂತದಲ್ಲಿ, ಎರಡು ಬೈಟ್ ಉಳಿಸುವ ಆಸೆ ಹುಟ್ಟುವುದೂ ಅಲ್ಲಿಯೇ.